ಹಬ್ಬದ ಅಡುಗೆಮನೆಯಲ್ಲಿ ಶಾಖದ ಪಾಠ

ಬೇಸಗೆಯ ರಜೆ ಬಂದಿತೆಂದರೆ ಬಂಗಾರಪೇಟೆಯ ರೈಲುನಿಲ್ದಾಣದಲ್ಲಿ ಮಕ್ಕಳ ಗದ್ದಲ ಹೆಚ್ಚುತ್ತದೆ. ಬೆಂಗಳೂರಿನ ಕಡೆಯಿಂದಲೂ ಜೋಲಾರ್‌ಪೇಟೆಯ ಕಡೆಯಿಂದಲೂ ಬಂದ ಸಂಸಾರಗಳು ಇಲ್ಲಿ ಇಳಿದು, ಚಿನ್ನದ ಗಣಿಗಳಿಗಾಗಿ 1894ರಲ್ಲಿ ಹಾಕಿದ ಕವಲುದಾರಿಯ ಗಾಡಿಯನ್ನು ಹತ್ತಿ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂಗಳಲ್ಲಿರುವ ಅಜ್ಜಿಯರ ಮನೆಗಳಿಗೆ ಹೋಗುತ್ತವೆ. ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಅಲ್ಲಿನ ಹಬ್ಬಗಳು ನಿಲ್ಲಲಿಲ್ಲ. ಕನ್ನಡ, ತಮಿಳು, ತೆಲುಗು ಮಾತನಾಡುವ ಜನ ಒಂದೇ ಬೀದಿಯಲ್ಲಿ ಬಾಳಿದ ಊರು ಅದು. ಯುಗಾದಿಯ ಹೋಳಿಗೆ, ಪೊಂಗಲ್ ಹಬ್ಬದ ಹೊಸ ಮಡಕೆ, ಕ್ರಿಸ್‌ಮಸ್ಸಿನ ಕೇಕು, ಇವೆಲ್ಲವೂ ಅಲ್ಲಿನ ಮಕ್ಕಳಿಗೆ ಪರಿಚಿತ.

ಹಬ್ಬದ ದಿನ ಮನೆಯಲ್ಲಿ ಒಲೆಗಳು ಹೆಚ್ಚು, ಪಾತ್ರೆಗಳು ದೊಡ್ಡವು, ಜನ ಹೆಚ್ಚು, ನಡುವೆ ಓಡಾಡುವ ಪುಟ್ಟ ಮಕ್ಕಳೂ ಹೆಚ್ಚು. ಒಳ್ಳೆಯ ಊಟವನ್ನು ಸಿದ್ಧಪಡಿಸುವ ಶಾಖವೇ ಅಜಾಗರೂಕತೆಯಿಂದ ಒಂದು ಮಗುವಿನ ಹಬ್ಬವನ್ನು ಹಾಳುಮಾಡಬಲ್ಲುದು. ಶಾಖದ ನಿಯಮಗಳನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಅವುಗಳಿಗೆ ನಿಜವಾದ ಪ್ರಯೋಗಶಾಲೆ ಅಡುಗೆಮನೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಶಾಖ ಬೇರೆ, ಉಷ್ಣತೆ ಬೇರೆ

ದೀಪಾವಳಿಯ ಸುರುಸುರುಬತ್ತಿಯನ್ನು ಗಮನಿಸಿ. ಅದರಿಂದ ಸಿಡಿಯುವ ಕಿಡಿಗಳು ಉರಿಯುತ್ತಿರುವ ಲೋಹದ ಕಣಗಳು. ಅವುಗಳ ಉಷ್ಣತೆ 1,000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿರುತ್ತದೆ. ಆದರೂ ಒಂದು ಕಿಡಿ ಅಂಗೈ ಮೇಲೆ ಬಿದ್ದರೆ ಚುರುಕೆನ್ನುವುದಷ್ಟೆ. ಬತ್ತಿ ಆರಿದ ಬಳಿಕ ಉಳಿಯುವ ಕಪ್ಪು ತಂತಿಯಾದರೋ ಕಿಡಿಗಿಂತ ಬಹಳ ತಣ್ಣಗಿದ್ದರೂ ಅದನ್ನು ತುಳಿದ ಮಗುವಿನ ಅಂಗಾಲು ಬೊಬ್ಬೆಯೇಳುತ್ತದೆ. ಇದಕ್ಕೆ ಕಾರಣವೇನು?

ಒಂದು ವಸ್ತು ಎಷ್ಟು ಬಿಸಿಯಾಗಿದೆ ಎಂಬುದನ್ನು ಉಷ್ಣತೆ ತಿಳಿಸುತ್ತದೆ. ಅದು ನಮ್ಮ ಚರ್ಮಕ್ಕೆ ಎಷ್ಟು ಶಾಖವನ್ನು ಕೊಡಬಲ್ಲುದು ಎಂಬುದು ಬೇರೆಯೇ ಪ್ರಶ್ನೆ. ಹೀಗೆ ಕೊಡುವ ಶಾಖವು ವಸ್ತುವಿನ ದ್ರವ್ಯರಾಶಿ, ಅದರ ವಿಶಿಷ್ಟೋಷ್ಣ, ಉಷ್ಣತೆಯ ಇಳಿತ, ಈ ಮೂರರ ಗುಣಲಬ್ಧ. ಕಿಡಿಯ ಉಷ್ಣತೆ ಅಧಿಕವಾದರೂ ದ್ರವ್ಯರಾಶಿ ಅತ್ಯಲ್ಪ. ತಂತಿಯಲ್ಲಿ ದ್ರವ್ಯರಾಶಿ ಸಾವಿರಾರು ಪಾಲು ಹೆಚ್ಚು. (ಕಿಡಿಯು ನಿರಪಾಯಕರವೆಂದು ಇದರ ಅರ್ಥವಲ್ಲ, ಕಣ್ಣಿಗೂ ತೆಳುವಾದ ಬಟ್ಟೆಗೂ ಅಷ್ಟೇ ಸಾಕು. ಆರಿದ ತಂತಿಗಳನ್ನು ಹಾಕಲು ಒಂದು ಬಕೀಟು ನೀರನ್ನು ಪಕ್ಕದಲ್ಲಿಟ್ಟಿರಬೇಕು.)

ಹೋಳಿಗೆಯಲ್ಲಿಯೂ ಇದೇ ನಿಯಮವುಂಟು. ಕಾವಲಿಯಿಂದ ತೆಗೆದ ಹೋಳಿಗೆಯ ಹೊರಪದರವಾದ ಕಣಕ ತೆಳುವಾಗಿದ್ದು ಬೇಗನೆ ಆರುತ್ತದೆ. ಒಳಗಿನ ಹೂರಣ ದಪ್ಪ. ಅದರಲ್ಲಿ ನೀರಿನಂಶ ಹೆಚ್ಚು. ನೀರಿನ ವಿಶಿಷ್ಟೋಷ್ಣವು ಸಾಮಾನ್ಯ ಪದಾರ್ಥಗಳಲ್ಲೆಲ್ಲ ಅಧಿಕ. ಬೆರಳಿಗೆ ಬೆಚ್ಚಗೆನಿಸಿದ ಹೋಳಿಗೆ ನಾಲಗೆಯನ್ನು ಸುಡುವುದು ಆದುದರಿಂದಲೇ. ಮಗುವಿಗೆ ಕೊಡುವ ಮುನ್ನ ಹೋಳಿಗೆಯನ್ನು ಮುರಿದು, ಹೂರಣವನ್ನು ಗಾಳಿಗೆ ಒಡ್ಡಿ, ಅದನ್ನೇ ಮುಟ್ಟಿ ನೋಡಬೇಕು.

ತುಪ್ಪದ ಸಾರು ಇನ್ನೂ ಮೋಸಗಾರ. ನೀರು ಆವಿಯಾಗುವಾಗ ಪಾತ್ರೆಯಲ್ಲಿರುವ ಶಾಖವನ್ನು ಕೊಂಡೊಯ್ಯುತ್ತದೆ. ಮೇಲೆ ತುಪ್ಪದ ಪದರ ನಿಂತಾಗ ಈ ಕ್ರಿಯೆಗೆ ತಡೆಯಾಗುತ್ತದೆ. ಸಾರು ಹೊಗೆಯಾಡುವುದಿಲ್ಲ, ಆರುವುದೂ ಇಲ್ಲ. ಹೊಗೆಯಾಡದ ಬಟ್ಟಲು ತಣ್ಣಗಿದೆಯೆಂದು ಬಗೆಯುವುದು ತಪ್ಪು. 60 ಡಿಗ್ರಿಯ ದ್ರವವು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲುದು. ಎಳೆಯ ಮಕ್ಕಳ ಚರ್ಮ ತೆಳುವಾದ ಕಾರಣ ಅವರಿಗೆ ಇನ್ನೂ ಕಡಿಮೆ ಕಾಲ ಸಾಕು.

ಪೂರಿ ಉಬ್ಬುವ ಬಗೆ

ಬಂಗಾರಪೇಟೆಯ ಹೆಸರು ಇಂದು ಪಾನಿಪೂರಿಯೊಡನೆ ಸೇರಿಕೊಂಡಿದೆ. ಆ ಹೆಸರಿನ ಅಂಗಡಿಗಳನ್ನು ಬೆಂಗಳೂರಿನ ಬೀದಿಗಳಲ್ಲಿಯೂ ಕಾಣಬಹುದು. ಈ ತಿನಿಸಿನಲ್ಲಿ ಭೌತಶಾಸ್ತ್ರದ ಒಂದು ಸೊಗಸಾದ ಲೆಕ್ಕ ಅಡಗಿದೆ.

ತೆಳುವಾಗಿ ಲಟ್ಟಿಸಿದ ಹಿಟ್ಟಿನ ಬಿಲ್ಲೆಯನ್ನು ಸುಮಾರು 180 ಡಿಗ್ರಿಯ ಎಣ್ಣೆಗೆ ಬಿಟ್ಟೊಡನೆ ಅದರ ಎರಡು ಮೈಗಳೂ ಬೆಂದು ಗಟ್ಟಿಪದರಗಳಾಗುತ್ತವೆ. ನಡುವಿನ ಹಸಿಹಿಟ್ಟಿನಲ್ಲಿರುವ ನೀರು ಹಬೆಯಾಗಿ, ಹೊರಬರಲು ದಾರಿಯಿಲ್ಲದೆ, ಪದರಗಳನ್ನು ಬೇರ್ಪಡಿಸಿ ಉಬ್ಬಿಸುತ್ತದೆ. 1 ಗ್ರಾಂ ನೀರು 100 ಡಿಗ್ರಿಯಲ್ಲಿ ಹಬೆಯಾದಾಗ ಸುಮಾರು 1,700 ಘನ ಸೆಂಟಿಮೀಟರ್ ಜಾಗವನ್ನು ವ್ಯಾಪಿಸುತ್ತದೆ. 4 ಸೆಂಟಿಮೀಟರ್ ವ್ಯಾಸದ ಪೂರಿಯ ಗಾತ್ರ ಸುಮಾರು 33 ಘನ ಸೆಂಟಿಮೀಟರ್. ಆದುದರಿಂದ ಅದನ್ನು ತುಂಬಲು ಒಂದು ಗ್ರಾಮಿನ ಐವತ್ತನೆಯ ಒಂದು ಪಾಲು ನೀರು, ಎಂದರೆ ಅರ್ಧ ತೊಟ್ಟಿಗಿಂತಲೂ ಕಡಿಮೆ, ಸಾಕಾಗುತ್ತದೆ! ಬಿಲ್ಲೆಯಲ್ಲಿ ಸಣ್ಣ ತೂತಿದ್ದರೆ ಹಬೆ ಸೋರಿಹೋಗುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಹಬೆ ನಿಧಾನವಾಗಿ ಹುಟ್ಟಿ ನಿಧಾನವಾಗಿ ನುಸುಳಿಹೋಗುತ್ತದೆ. ಎರಡರಲ್ಲಿಯೂ ಪೂರಿ ಚಪ್ಪಟೆಯೇ.

ಊಟದ ಪೂರಿಯನ್ನು ಮೆತ್ತಗಿರುವಾಗಲೇ ತೆಗೆಯುತ್ತೇವೆ. ಆರಿದಾಗ ಒಳಗಿನ ಹಬೆ ನೀರಾಗಿ ಒತ್ತಡ ಇಳಿದು ಅದು ಕುಸಿಯುತ್ತದೆ. ಪಾನಿಪೂರಿಯ ಪೂರಿಯನ್ನು ತೇವ ಆರುವವರೆಗೆ ಕರಿಯುವುದರಿಂದ ಗೋಡೆ ಗಟ್ಟಿಯಾಗಿ, ಹಬೆ ಹೋದರೂ ಆಕಾರ ಉಳಿಯುತ್ತದೆ. ಹೊಸದಾಗಿ ಉಬ್ಬಿದ ಪೂರಿಯೊಳಗೆ ಬಿಸಿಹಬೆ ಇರುವುದೆಂಬುದನ್ನು ಮರೆಯದೆ, ದೊಡ್ಡವರು ಅದನ್ನು ಒಡೆದೇ ಮಕ್ಕಳ ತಟ್ಟೆಗೆ ಹಾಕಬೇಕು.

ಹಬೆಯ ಗುಪ್ತೋಷ್ಣ

ಕುದಿಯುವ ನೀರಿಗೂ ಅದರಿಂದೇಳುವ ಹಬೆಗೂ ಉಷ್ಣತೆ ಒಂದೇ. ಆದರೆ 1 ಗ್ರಾಂ ನೀರನ್ನು ಹಬೆಯಾಗಿಸಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಈ ಗುಪ್ತೋಷ್ಣವು ಹಬೆಯಲ್ಲಿ ಅಡಗಿದ್ದು, ಅದು ಮತ್ತೆ ನೀರಾಗುವಾಗ ಹೊರಬೀಳುತ್ತದೆ. ಮೈಯ ಉಷ್ಣತೆ 37 ಡಿಗ್ರಿಯೆಂದು ಇಟ್ಟುಕೊಳ್ಳೋಣ. 100 ಡಿಗ್ರಿಯ 1 ಗ್ರಾಂ ನೀರು ಅಲ್ಲಿಯವರೆಗೆ ಇಳಿಯುವಾಗ ಕೊಡುವ ಶಾಖ 63 ಕ್ಯಾಲೊರಿ. ಅಷ್ಟೇ ಹಬೆ ಕೊಡುವ ಶಾಖವಾದರೋ 540ಕ್ಕೆ 63 ಕೂಡಿದಷ್ಟು, ಎಂದರೆ 603 ಕ್ಯಾಲೊರಿ; ಸುಮಾರು ಒಂಬತ್ತೂವರೆ ಪಟ್ಟು!

ಇಡ್ಲಿಯನ್ನು ಸಮನಾಗಿ ಬೇಯಿಸುವ ಗುಣವೂ ಕೈಯನ್ನು ಸುಡುವ ಗುಣವೂ ಇದೊಂದೇ. ಹಬೆಯು ತಣ್ಣಗಿರುವ ಜಾಗವನ್ನು ಹುಡುಕಿದಂತೆ ಅಲ್ಲಿಯೇ ನೀರಾಗಿ ಶಾಖವನ್ನು ಸುರಿಯುತ್ತದೆ. ತಣ್ಣನೆಯ ಹಿಟ್ಟಿದ್ದರೆ ಇಡ್ಲಿ ಬೇಯುತ್ತದೆ, ಕೈ ಇದ್ದರೆ ಕೈ ಬೇಯುತ್ತದೆ. ಆದಕಾರಣ ಇಡ್ಲಿಪಾತ್ರೆಯ ಮುಚ್ಚಳವನ್ನು ನಮಗೆ ವಿಮುಖವಾದ ಅಂಚಿನಿಂದ ಎತ್ತಬೇಕು. ಆಗ ಮಗು ಕಂಕುಳಲ್ಲಿರಬಾರದು.

ಪೊಂಗಲ್ ಹಬ್ಬದಲ್ಲಿ ಹಾಲು ಉಕ್ಕುವುದೇ ಶುಭ. ಮಕ್ಕಳು ಮಡಕೆಯ ಸುತ್ತ ನೆರೆಯುತ್ತಾರೆ. ನೀರಿನಲ್ಲಿ ಗುಳ್ಳೆಗಳು ಮೇಲೆ ಬಂದೊಡನೆ ಒಡೆಯುತ್ತವೆ. ಹಾಲಿನ ಮೇಲಾದರೋ ಪ್ರೋಟೀನು ಮತ್ತು ಕೊಬ್ಬಿನ ಕೆನೆ ಕಟ್ಟಿ ಗುಳ್ಳೆಗಳನ್ನು ತಡೆಹಿಡಿಯುತ್ತದೆ. ಕೆಳಗಿನ ಹಬೆ ಕೆನೆಯನ್ನೇ ಹೊತ್ತು ಹಠಾತ್ತನೆ ಮೇಲೇರುತ್ತದೆ. ಈ ಏರಿಕೆಗೆ ಮುನ್ಸೂಚನೆ ಬಹಳ ಕಡಿಮೆ. ಆದ್ದರಿಂದ ಮಡಕೆಯ ಸುತ್ತ ಒಂದು ರಂಗೋಲಿಯ ಗೆರೆಯೆಳೆದು, ಮಕ್ಕಳು ಅದರಾಚೆ ನಿಂತು ಸಂತೋಷಪಡುವಂತೆ ಮಾಡುವುದು ಒಳ್ಳೆಯದು.

ಎಷ್ಟು ಎಚ್ಚರವಿದ್ದರೂ ಸುಟ್ಟಿತೆಂದರೆ ಮಾಡಬೇಕಾದುದೂ ಶಾಖದ ನಿಯಮದಂತೆಯೇ. ಚರ್ಮದೊಳಕ್ಕೆ ಹೊಕ್ಕ ಶಾಖವನ್ನು ಹೊರತೆಗೆಯಬೇಕು. ಬಳೆ ಉಂಗುರಗಳನ್ನೂ ಚರ್ಮಕ್ಕೆ ಅಂಟಿರದ ಬಟ್ಟೆಯನ್ನೂ ತೆಗೆದು, ಗಾಯದ ಮೇಲೆ ತಣ್ಣೀರನ್ನು 20 ನಿಮಿಷಗಳ ಕಾಲ ಹರಿಯಬಿಡಬೇಕು. ಮೈಯ ಉಳಿದ ಭಾಗವನ್ನು ಬೆಚ್ಚಗಿಡಬೇಕು. ಮಂಜುಗಡ್ಡೆ, ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟು ಇವು ಯಾವುವೂ ಸಲ್ಲವು. ಅನಂತರ ಶುಭ್ರವಾದ ಬಟ್ಟೆಯನ್ನು ಹೊದಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎತ್ತರ ಮತ್ತು ಆಳ

ಮೇಲಿನ ಲೆಕ್ಕದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುವುದೆಂದೆವು. ಇದು ಸಮುದ್ರಮಟ್ಟಕ್ಕೆ ಸಲ್ಲುವ ಮಾತು. ಮೇಲೇರಿದಂತೆ ವಾಯುವಿನ ಒತ್ತಡ ಇಳಿದು, ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು 1 ಡಿಗ್ರಿ ತಗ್ಗುತ್ತದೆ. ಬಂಗಾರಪೇಟೆಯೂ ಚಿನ್ನದ ಗಣಿಗಳ ಊರೂ ಸುಮಾರು 850 ಮೀಟರ್ ಎತ್ತರದಲ್ಲಿವೆ. ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಚೆನ್ನೈಯಿಂದ ಬಂದ ನೆಂಟರು ಇಲ್ಲಿ ಬೇಳೆ ಬೇಯಲು ತುಸು ತಡವೆಂದರೆ, ಅದಕ್ಕೆ ಈ ಮೂರು ಡಿಗ್ರಿಯೂ ಒಂದು ಕಾರಣ. ಪ್ರೆಷರ್ ಕುಕ್ಕರಿನಲ್ಲಿ ಹಬೆಯನ್ನು ತಡೆದು ಒತ್ತಡವನ್ನು ಹೆಚ್ಚಿಸುವುದರಿಂದ ಉಷ್ಣತೆ 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ; ಬೇಳೆ ಬೇಗ ಬೇಯುತ್ತದೆ. ಒತ್ತಡ ತಾನಾಗಿ ಇಳಿಯುವ ಮುನ್ನ ಮುಚ್ಚಳವನ್ನು ತೆಗೆದರೆ ಒಳಗಿನ ನೀರು ಒಮ್ಮೆಲೇ ಕುದಿದು ಚಿಮ್ಮುವುದೂ ಇದರಿಂದಲೇ.

ಇದೇ ಊರಿನಲ್ಲಿ ಇದರ ವಿರುದ್ಧ ದಿಕ್ಕಿನ ಉದಾಹರಣೆಯೂ ಇತ್ತು. ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3,200 ಮೀಟರ್ ಕೆಳಗಿಳಿದಿತ್ತು. ಅಷ್ಟು ಆಳದ ಗಾಳಿಯ ಒತ್ತಡದಲ್ಲಿ ನೀರು 107 ಡಿಗ್ರಿಯ ಸಮೀಪದಲ್ಲಿ ಕುದಿಯಬೇಕೆಂದು ಲೆಕ್ಕ ತಿಳಿಸುತ್ತದೆ. ಅಲ್ಲಿನ ಬಂಡೆಯ ಉಷ್ಣತೆಯೇ 60 ಡಿಗ್ರಿಯನ್ನು ಮೀರಿತ್ತು. ಹಬ್ಬದ ಅಡುಗೆ ಬೇಯುತ್ತಿದ್ದ ಮನೆಗಳ ಕೆಳಗೆ, ಸಾರಿನ ಬಟ್ಟಲಿನಷ್ಟು ಬಿಸಿಯಾದ ಕಲ್ಲಿನ ನಡುವೆ, ಆ ಮನೆಗಳ ಹಿರಿಯರು ದುಡಿದರು.

ತಿಳಿಯಾದ ನೀರು, ಶುದ್ಧವಾದ ನೀರು

ಬಂಗಾರಪೇಟೆಯ ಪಾನಿಯ ವೈಶಿಷ್ಟ್ಯವೆಂದರೆ ಅದು ಹಸುರಾಗಿರದೆ ನೀರಿನಂತೆ ತಿಳಿಯಾಗಿರುವುದು. ಉಪ್ಪು, ಹುಳಿ, ಖಾರಗಳ ಅಣುಗಳು ನೀರಿನಲ್ಲಿ ಕರಗಿದಾಗ ಬೆಳಕನ್ನು ಚದುರಿಸುವುದಿಲ್ಲ. ಅರೆದ ಸೊಪ್ಪಿನ ಕಣಗಳಾದರೋ ಚದುರಿಸುತ್ತವೆ. ಹೀಗೆ ಕಣ್ಣಿಗೆ ಏನೂ ಕಾಣದಿದ್ದರೂ ನಾಲಗೆಗೆ ಬಹಳವಿರುತ್ತದೆ.

ಇದರಿಂದ ಒಂದು ಮುಖ್ಯವಾದ ಪಾಠವುಂಟು. ಬ್ಯಾಕ್ಟೀರಿಯದ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲು. ರೋಗ ತರುವಷ್ಟು ಬ್ಯಾಕ್ಟೀರಿಯಗಳಿದ್ದರೂ ಲೋಟದ ನೀರು ತಿಳಿಯಾಗಿಯೇ ಕಾಣಬಹುದು. ಕಣ್ಣಿನ ಸಾಕ್ಷ್ಯ ಇಲ್ಲಿ ಸಾಲದು. ಮನೆಯಲ್ಲಿ ಪಾನಿಯನ್ನು ಮಾಡುವವರು ನೀರನ್ನು ಮೊದಲು ಕುದಿಸಿ ಆರಿಸಿಕೊಳ್ಳಬೇಕು. 97 ಡಿಗ್ರಿ ಸಾಕೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಧಾರಾಳವಾಗಿ ಸಾಕು, ಈ ಎತ್ತರದಲ್ಲಿ ನೀರು ಒಂದು ನಿಮಿಷ ಚೆನ್ನಾಗಿ ಮರಳಿದರೆ ಹೊಟ್ಟೆಯ ರೋಗಗಳನ್ನು ತರುವ ಜೀವಾಣುಗಳು ಸಾಯುತ್ತವೆ.

ಬುತ್ತಿಯೂ ಮಗುವೂ

ರಜೆಯಲ್ಲಿ ಸಂಸಾರಗಳು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದುಂಟು. 108 ಅಡಿಯ ಲಿಂಗವನ್ನು ಮಕ್ಕಳು ತಲೆಯೆತ್ತಿ ನೋಡಿ ಬೆರಗಾಗುತ್ತಾರೆ. ಬುತ್ತಿಯ ಅನ್ನ ಕೆಡದಿರಬೇಕಾದರೆ ಜ್ಯಾಮಿತಿಯ ಒಂದು ನಿಯಮವನ್ನು ನೆನೆಯಬೇಕು. ಪಾತ್ರೆಯ ಎಲ್ಲ ಅಳತೆಗಳನ್ನೂ ಇಮ್ಮಡಿಸಿದರೆ ಗಾತ್ರ 8 ಪಟ್ಟಾಗುತ್ತದೆ. ಶಾಖ ಹೊರಹೋಗುವ ಮೈ 4 ಪಟ್ಟು ಮಾತ್ರ. ಆದುದರಿಂದ ಹಬ್ಬದ ದೊಡ್ಡ ಪಾತ್ರೆಯ ಅನ್ನ ಬಹಳ ಹೊತ್ತು ಉಗುರುಬೆಚ್ಚಗಿರುತ್ತದೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. 20 ನಿಮಿಷಕ್ಕೊಮ್ಮೆ ಇಮ್ಮಡಿಸಿದರೆ ಒಂದು ಬ್ಯಾಕ್ಟೀರಿಯ 4 ಗಂಟೆಗಳಲ್ಲಿ 4,096 ಆಗುತ್ತದೆ! ಅಕ್ಕಿಯಲ್ಲಿರುವ ಕೆಲವು ಬೀಜಾಣುಗಳು ಕುದಿಸಿದರೂ ಉಳಿಯುತ್ತವೆ. ಅವು ಮೊಳೆತು ಮಾಡಿದ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಹುಣಿಸೆಯ ಗೊಜ್ಜನ್ನೋ ಮೊಸರನ್ನೋ ಕಲಸಿದರೆ ಹುಳಿಯೂ ಬೆಳವಣಿಗೆಯನ್ನು ತಡೆಯುತ್ತದೆ. ಹಾಗಿದ್ದರೂ ಬೇಸಗೆಯಲ್ಲಿ ಮಧ್ಯಾಹ್ನದ ಬುತ್ತಿಯನ್ನು ಸಂಜೆಗೆ ಉಳಿಸಬಾರದು.

ಅದೇ ಜ್ಯಾಮಿತಿ ಮಗುವಿಗೂ ಅನ್ವಯಿಸುತ್ತದೆ. 10 ಕಿಲೋಗ್ರಾಂ ತೂಕದ ಮಗುವಿಗೆ ಕಿಲೋಗ್ರಾಮೊಂದಕ್ಕೆ ಇರುವ ಚರ್ಮದ ವಿಸ್ತಾರ, 60 ಕಿಲೋಗ್ರಾಂ ತೂಕದ ವಯಸ್ಕರಿಗಿರುವುದರ ಸುಮಾರು ಒಂದೂಮುಕ್ಕಾಲು ಪಟ್ಟು. ಚಿಕ್ಕ ಬಟ್ಟಲು ಬೇಗ ಕಾದು ಬೇಗ ಆರುವಂತೆ, ಮಗು ಬಿಸಿಲಿನಲ್ಲಿ ಬೇಗ ಕಾಯುತ್ತದೆ, ಚಳಿಯಲ್ಲಿ ಬೇಗ ತಣ್ಣಗಾಗುತ್ತದೆ. ನಮಗೆ ಬಾಯಾರುವ ಮುಂಚೆಯೇ ಅದಕ್ಕೆ ನೀರೂ ನೆರಳೂ ಬೇಕು. ಮಗುವನ್ನು ಚಿಕ್ಕ ಗಾತ್ರದ ದೊಡ್ಡವರೆಂದು ಎಣಿಸಲು ಭೌತಶಾಸ್ತ್ರವೂ ಒಪ್ಪುವುದಿಲ್ಲ.

ಒಂದು ಪ್ರಯೋಗ

ವಿದ್ಯಾರ್ಥಿಗಳು ಮನೆಯಲ್ಲಿ ಹಿರಿಯರ ನೆರವಿನಿಂದ ಹೀಗೆ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ಬಿಸಿನೀರನ್ನು ತುಂಬಿ, ಒಂದರ ಮೇಲೆ ಎರಡು ಚಮಚ ಎಣ್ಣೆಯನ್ನು ಹಾಕಬೇಕು. ಎರಡು ನಿಮಿಷಕ್ಕೊಮ್ಮೆ ಪ್ರಯೋಗಶಾಲೆಯ ಉಷ್ಣಮಾಪಕದಿಂದ ಅಳೆದು, ಕಾಲಕ್ಕೆ ಎದುರಾಗಿ ಉಷ್ಣತೆಯ ನಕ್ಷೆಯನ್ನು ಬರೆಯಬೇಕು. ಎಣ್ಣೆಯಿರುವ ಲೋಟ ಎಷ್ಟು ತಡವಾಗಿ 50 ಡಿಗ್ರಿಗೆ ಇಳಿಯಿತೆಂಬುದನ್ನು ಗುರುತು ಹಾಕಿ, ಆ ನಕ್ಷೆಯನ್ನು ಮುಂದಿನ ಹಬ್ಬದ ದಿನ ಸಾರು ಬಡಿಸುವವರಿಗೆ ತೋರಿಸಬೇಕು.