ತೋಳದೇವತೆ, ಬೆಳ್ಳಿ ನಾಣ್ಯ ಮತ್ತು ಅಬ್ಬಾರ ಉದ್ದರಿ ಪುಸ್ತಕ



ನಮ್ಮ ಕಾಲೇಜಿನಲ್ಲಿ ಮಾಂಗಾ, ಅನಿಮೆ ಎಂದರೆ ಕೆಲವರಿಗೆ ಪ್ರಾಣ, ಕೆಲವರಿಗೆ ಚಿಕ್ಕ ಮಕ್ಕಳ ಕಾರ್ಟೂನ್. ಮನೆಯ ಹಿರಿಯರಿಗಂತೂ ಅದು ಪರೀಕ್ಷೆಯ ಶತ್ರು. ಈ ಜಗಳ ಬಿಡಿಸಲು ನನ್ನಿಂದ ಆಗುವುದಿಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಒಂದು ಜಪಾನಿ ಲೈಟ್ ನಾವೆಲ್ ನನಗೆ ನಮ್ಮ ಪಠ್ಯದ ಎರಡು ಪಾಠಗಳನ್ನು ಹೇಗೆ ಅರ್ಥ ಮಾಡಿಸಿತು ಎಂದು ಮಾತ್ರ ಇಲ್ಲಿ ಬರೆಯುತ್ತೇನೆ. ಎರಡನೆಯ ಪಾಠ ನಮ್ಮ ಮನೆಯದೂ ಹೌದು.

ಮೊದಲು ಮೂರು ಪದಗಳು. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಅನಿಮೆ ಎಂದರೆ ಅದೇ ಬಗೆಯ ಚಿತ್ರಗಳು ಪರದೆಯ ಮೇಲೆ ಚಲಿಸುವುದು. ಲೈಟ್ ನಾವೆಲ್ ಎಂದರೆ ಅಕ್ಷರದಲ್ಲೇ ಇರುವ ಕಾದಂಬರಿ, ನಡುನಡುವೆ ಕೆಲವು ಚಿತ್ರಗಳಿರುತ್ತವೆ. ಜಪಾನಿನಲ್ಲಿ ಇದು ಹೆಚ್ಚಾಗಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಬರುತ್ತದೆ. ಓದುಗರು ಹೆಚ್ಚಾಗಿ ನಮ್ಮ ವಯಸ್ಸಿನವರು.

ಮಾಂಗಾ ಓದುವಾಗ ನಮ್ಮಂಥವರಿಗೆ ಒಂದು ಅನುಕೂಲವಿದೆ. ಅದು ಬಲದಿಂದ ಎಡಕ್ಕೆ ಸಾಗುತ್ತದೆ. ಬೆಂಗಳೂರಿನಿಂದ ನನ್ನ ಖಾಲಾ ಮಗ ಮೊದಲ ಬಾರಿ ಒಂದು ಮಾಂಗಾ ತಂದಾಗ, ನನ್ನ ಗೆಳೆಯರೆಲ್ಲ ಅದನ್ನು ಕೊನೆಯ ಪುಟದಿಂದ ತೆರೆದು ತಬ್ಬಿಬ್ಬಾದರು. ಉರ್ದು ಮಾತ್ರ ಓದುವ ನಮ್ಮ ನಾನಿ ಅದನ್ನು ಕೈಗೆತ್ತಿಕೊಂಡು ಸರಿಯಾದ ಕಡೆಯಿಂದಲೇ ತೆರೆದರು. "ಕಿತಾಬ್ ಸೀದಾ ಇದೆ, ನೀವೇ ಉಲ್ಟಾ ಹಿಡಿದಿದ್ದೀರಿ" ಎಂದರು.

ನಾನು ಹೇಳಹೊರಟ ಪುಸ್ತಕ ಮಾತ್ರ ಮಾಂಗಾ ಅಲ್ಲ, ಲೈಟ್ ನಾವೆಲ್. ಹೆಸರು 'ಸ್ಪೈಸ್ ಆ್ಯಂಡ್ ವುಲ್ಫ್', ಅಂದರೆ ಮಸಾಲೆ ಮತ್ತು ತೋಳ. ಬರೆದವರು ಇಸುನಾ ಹಸೆಕುರಾ, ಚಿತ್ರ ಬಿಡಿಸಿದವರು ಜೂ ಅಯಾಕುರಾ. ಮೊದಲ ಸಂಪುಟ ಜಪಾನಿನಲ್ಲಿ 2006ರಲ್ಲಿ ಬಂತು. ನಂತರ ಇದು ಮಾಂಗಾ ಆಯಿತು. 2008ರಲ್ಲಿ ಅನಿಮೆ ಆಯಿತು, 2024ರಲ್ಲಿ ಮತ್ತೆ ಹೊಸದಾಗಿ ಅನಿಮೆ ಆಯಿತು. ನಾನು ಓದಿದ್ದು ಇಂಗ್ಲಿಷ್ ಅನುವಾದ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು.

ಕಥೆಯ ನಾಯಕನ ಕೈಯಲ್ಲಿ ಕತ್ತಿ ಇಲ್ಲ. ಅವನು ಲಾರೆನ್ಸ್ ಎಂಬ ಇಪ್ಪತ್ತೈದು ವರ್ಷದ ಸಂಚಾರಿ ವ್ಯಾಪಾರಿ. ಕುದುರೆ ಗಾಡಿಯಲ್ಲಿ ಊರಿಂದ ಊರಿಗೆ ಹೋಗಿ ಚರ್ಮ, ಕಾಳುಮೆಣಸು, ಉಪ್ಪು ಮಾರುತ್ತಾನೆ. ಒಂದು ರಾತ್ರಿ ಅವನ ಗಾಡಿಯಲ್ಲಿ ಹೋಲೋ ಕಾಣಿಸಿಕೊಳ್ಳುತ್ತಾಳೆ. ಗೋಧಿಯ ಬೆಳೆ ಕಾಯುವ ತೋಳದೇವತೆ ಅವಳು. ಹುಡುಗಿಯ ರೂಪ, ತೋಳದ ಕಿವಿ, ತೋಳದ ಬಾಲ. ಉತ್ತರದ ತನ್ನ ಊರಿಗೆ ಹೋಗಬೇಕೆಂದು ಅವನ ಜೊತೆ ಹೊರಡುತ್ತಾಳೆ. ಊರುಗಳೆಲ್ಲ ಕಲ್ಪಿತ, ಆದರೆ ನೋಡಲು ಮಧ್ಯಯುಗದ ಯುರೋಪಿನಂತೆ ಇವೆ. ಫ್ರೆಂಚ್ ಇತಿಹಾಸಕಾರ ಝಾನ್ ಫಾವಿಯೆ ಮಧ್ಯಯುಗದ ವ್ಯಾಪಾರದ ಬಗ್ಗೆ ಬರೆದ ಪುಸ್ತಕವೇ ಲೇಖಕರಿಗೆ ಪ್ರೇರಣೆ. ದೇವತೆ ಕಟ್ಟುಕಥೆ, ವ್ಯಾಪಾರದ ಲೆಕ್ಕ ನಿಜ.

ಮೊದಲ ಪಾಠ: ನಾಣ್ಯದೊಳಗಿನ ಬೆಳ್ಳಿ

ಮೊದಲ ಸಂಪುಟದಲ್ಲಿ ಒಬ್ಬ ಯುವ ವ್ಯಾಪಾರಿ ಲಾರೆನ್ಸ್‌ಗೆ ಗುಟ್ಟು ಹೇಳುತ್ತಾನೆ: ಒಂದು ಬೆಳ್ಳಿ ನಾಣ್ಯದಲ್ಲಿ ಬೆಳ್ಳಿಯ ಪ್ರಮಾಣ ಹೆಚ್ಚಾಗಲಿದೆ, ಈಗಲೇ ಹಳೆಯದನ್ನು ಕೂಡಿಡು ಎಂದು. ಹೋಲೋ ನಾಣ್ಯಗಳ ಸದ್ದು ಕೇಳಿಯೇ ನಿಜ ಕಂಡುಹಿಡಿಯುತ್ತಾಳೆ. ಬೆಳ್ಳಿ ಹೆಚ್ಚಾಗುತ್ತಿಲ್ಲ, ಕಡಿಮೆಯಾಗುತ್ತಿದೆ.

ಇದನ್ನು ಓದಿ ನಾನು ಪುಸ್ತಕ ಮಡಚಿದೆ. ನಮ್ಮ ದಾದಾ ಹಳೆಯ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ "ಖನಕ್ ಕೇಳು" ಎನ್ನುತ್ತಿದ್ದರು. ಅದು ಆಟ ಎಂದುಕೊಂಡಿದ್ದೆ. ಅದು ಪರೀಕ್ಷೆ!

ಬೆಳ್ಳಿ ಕಡಿಮೆ ಮಾಡಿದರೆ ರಾಜನಿಗೆ ಏನು ಲಾಭ? ನಾನೇ ಒಂದು ಲೆಕ್ಕ ಹಾಕಿ ನೋಡಿದೆ. ಖಜಾನೆಯಲ್ಲಿ 1000 ನಾಣ್ಯಗಳಿವೆ, ಒಂದೊಂದರಲ್ಲೂ 10 ಗ್ರಾಂ ಬೆಳ್ಳಿ ಎನ್ನೋಣ. ಒಟ್ಟು 10,000 ಗ್ರಾಂ. ಎಲ್ಲವನ್ನೂ ಕರಗಿಸಿ, ಅಗ್ಗದ ಲೋಹ ಬೆರೆಸಿ, 8 ಗ್ರಾಂ ಬೆಳ್ಳಿಯ ನಾಣ್ಯ ಮಾಡಿದರೆ 1250 ನಾಣ್ಯಗಳು ಸಿಗುತ್ತವೆ. ಗಣಿ ತೋಡದೆ, ತೆರಿಗೆ ಹಾಕದೆ 250 ನಾಣ್ಯ ಬಂತು. ಆದರೆ ಜನರಿಗೆ ಗೊತ್ತಾದ ದಿನ ಅಂಗಡಿಯವನು ಅದೇ ರೊಟ್ಟಿಗೆ ಹೆಚ್ಚು ನಾಣ್ಯ ಕೇಳುತ್ತಾನೆ. ಅರ್ಥಶಾಸ್ತ್ರದ ತರಗತಿಯಲ್ಲಿ ಹಣದುಬ್ಬರ ಎಂದು ಬಾಯಿಪಾಠ ಮಾಡಿದ್ದು ಇದನ್ನೇ.

ಕಥೆಯಲ್ಲಿ ಲಾರೆನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಕರಗಿಸಲು ರಾಜನಿಗೆ ಹಳೆಯ ನಾಣ್ಯಗಳು ಬೇಕು. ಅವನ್ನು ಮೊದಲೇ ಕೂಡಿಹಾಕಿದವರು ರಾಜನ ಜೊತೆ ಚೌಕಾಸಿ ಮಾಡಿ ವ್ಯಾಪಾರದ ಸವಲತ್ತು ಪಡೆಯಬಹುದು. ಬೆಲೆ ಬೀಳುವ ವಸ್ತುವಿನಲ್ಲೂ, ಅದು ಯಾರಿಗೆ ಬೇಕು ಎಂದು ಗೊತ್ತಿದ್ದವನಿಗೆ ವ್ಯಾಪಾರವಿದೆ.

ಇದು ಬರೀ ಕಥೆಯಲ್ಲ. ಜಪಾನಿನಲ್ಲೇ 1695ರಲ್ಲಿ ಶೋಗುನ್ ಸರ್ಕಾರ ಬೆಳ್ಳಿ ನಾಣ್ಯದ ಶುದ್ಧತೆಯನ್ನು ಶೇಕಡಾ 80ರಿಂದ 64ಕ್ಕೆ ಇಳಿಸಿತು. ನಮ್ಮ ಇತಿಹಾಸ ಪುಸ್ತಕದಲ್ಲಿ ಮುಹಮ್ಮದ್ ಬಿನ್ ತುಘಲಕ್ ಇದ್ದಾನೆ. ಸುಮಾರು 1330ರಲ್ಲಿ ಅವನು ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಬೆಳ್ಳಿಯ ಟಂಕಕ್ಕೆ ಸಮ ಎಂದು ಚಲಾವಣೆಗೆ ತಂದ. ಜನ ಮನೆಯಲ್ಲೇ ನಕಲಿ ನಾಣ್ಯ ಮಾಡಿದರು. ಕೊನೆಗೆ ಅವನ್ನು ವಾಪಸ್ ಪಡೆದು ಖಜಾನೆಯಿಂದ ಬೆಳ್ಳಿ ಕೊಡಬೇಕಾಯಿತು. ಒಂದು ಅಂಕದ ಪ್ರಶ್ನೆಗೆ ನಾನು ಇದನ್ನು 'ಹುಚ್ಚು ಯೋಜನೆ' ಎಂದು ಬರೆದಿದ್ದೆ. ಈಗ ಹಾಗೆ ಬರೆಯುವುದಿಲ್ಲ. ನಾವು ಇಂದು ಕಾಗದದ ನೋಟನ್ನು ನಂಬುತ್ತೇವಲ್ಲ? ತುಘಲಕನ ನಾಣ್ಯದಲ್ಲಿ ಬೆಳ್ಳಿ ಇಲ್ಲದಿದ್ದುದಕ್ಕಿಂತ, ಅದನ್ನು ಯಾರು ಬೇಕಾದರೂ ಮಾಡಬಹುದಾಗಿದ್ದದ್ದೇ ದೊಡ್ಡ ತಪ್ಪು. ಹಣ ನಿಲ್ಲುವುದು ನಂಬಿಕೆಯ ಮೇಲೆ.

ಎರಡನೆಯ ಪಾಠ: ಉದ್ದರಿ

ಎರಡನೆಯ ಸಂಪುಟ ಓದುವಾಗ ನನಗೆ ಭಯವಾಯಿತು. ಲಾರೆನ್ಸ್ ಒಂದು ಊರಿನಲ್ಲಿ ಕಾಳುಮೆಣಸು ಮಾರುತ್ತಾನೆ. ತಕ್ಕಡಿ ಇಟ್ಟ ಮೇಜೇ ಓರೆಯಾಗಿದೆ ಎಂದು ಹೋಲೋ ಪತ್ತೆ ಮಾಡುತ್ತಾಳೆ. ಸಿಕ್ಕಿಬಿದ್ದ ವ್ಯಾಪಾರಿಯಿಂದ ಲಾರೆನ್ಸ್ ತನ್ನ ಹಣದ ಎರಡರಷ್ಟು ಬೆಲೆಯ ಯುದ್ಧ ಕವಚಗಳನ್ನು ಉದ್ದರಿಯಲ್ಲಿ ಪಡೆಯುತ್ತಾನೆ. ಉತ್ತರದ ದಂಡಯಾತ್ರೆ ಪ್ರತಿವರ್ಷ ನಡೆಯುತ್ತದೆ, ಕವಚಕ್ಕೆ ಬೇಡಿಕೆ ಇದ್ದೇ ಇರುತ್ತದೆ ಎಂಬುದು ಅವನ ಲೆಕ್ಕ. ಮುಂದಿನ ಪಟ್ಟಣ ತಲುಪಿದಾಗ ಆ ವರ್ಷದ ದಂಡಯಾತ್ರೆ ರದ್ದಾಗಿದೆ. ಕವಚ ಕೇಳುವವರೇ ಇಲ್ಲ.

ಇದನ್ನೂ ಅಂಕಿಯಲ್ಲಿ ನೋಡಿ. ಸ್ವಂತ ಹಣ 10,000, ಉದ್ದರಿ 10,000, ಒಟ್ಟು ಸರಕು 20,000. ಬೆಲೆ ಶೇಕಡಾ 20 ಏರಿದರೆ ಲಾಭ 4,000. ಅಂದರೆ ಸ್ವಂತ ಹಣದ ಮೇಲೆ ಶೇಕಡಾ 40! ಆದರೆ ಬೆಲೆ ಶೇಕಡಾ 60 ಬಿದ್ದರೆ ಸರಕಿಗೆ ಬರುವುದು 8,000, ಕೊಡಬೇಕಾದದ್ದು 10,000. ಸ್ವಂತ ಹಣ ಪೂರ್ತಿ ಹೋಯಿತು, ಮೇಲೆ 2,000 ಸಾಲ ಉಳಿಯಿತು. ಉದ್ದರಿ ಲಾಭವನ್ನೂ ದೊಡ್ಡದು ಮಾಡುತ್ತದೆ, ನಷ್ಟವನ್ನೂ ದೊಡ್ಡದು ಮಾಡುತ್ತದೆ.

ನನಗೆ ಭಯವಾದದ್ದು ಅಂಕಿಗಳಿಂದ ಅಲ್ಲ, ಇದೇ ಕಥೆ ನಮ್ಮ ಮನೆಯಲ್ಲೂ ನಡೆದಿತ್ತು. ಅಬ್ಬಾರದು ಚಿಕ್ಕ ರೆಡಿಮೇಡ್ ಬಟ್ಟೆ ಅಂಗಡಿ. ವರ್ಷದ ವ್ಯಾಪಾರದಲ್ಲಿ ದೊಡ್ಡ ಪಾಲು ರಮಜಾನ್ ತಿಂಗಳಲ್ಲೇ ಆಗುತ್ತದೆ. 2020ರ ಮಾರ್ಚ್ ಮೊದಲ ವಾರ ಅವರು ಸಗಟು ವ್ಯಾಪಾರಿಯಿಂದ ಮಕ್ಕಳ ಬಟ್ಟೆ ತಂದರು, ಹೆಚ್ಚಿನದು ಉಧಾರ್. ಈದ್ ಪ್ರತಿವರ್ಷ ಬರುತ್ತದೆ ಎಂಬುದು ಅವರ ಲೆಕ್ಕ. ಮಾರ್ಚ್ 25ರಿಂದ ಲಾಕ್‌ಡೌನ್. ಈದ್ ಬಂತು, ಆದರೆ ಹೊಸ ಬಟ್ಟೆ ಕೊಳ್ಳುವವರು ಬರಲಿಲ್ಲ. ಆಗ ನಾನು ಏಳನೆಯ ತರಗತಿ ಮುಗಿಸಿದ್ದೆ. ಮನೆಯ ಒಂದು ಕೋಣೆಯ ತುಂಬ ಬಟ್ಟೆಯ ಕಟ್ಟುಗಳಿದ್ದವು. "ಇದರಲ್ಲಿ ನನಗೊಂದು ಕೊಡಿ" ಎಂದು ಕೇಳಿದೆ. ಯಾವತ್ತೂ ಗದರದ ಅಬ್ಬಾ ಅಂದು ನನ್ನ ಕೈಯನ್ನು ತಳ್ಳಿ ಎದ್ದು ಹೋದರು. ಆ ಸಿಟ್ಟು ನನಗೆ ಅರ್ಥವಾಗಿರಲಿಲ್ಲ. ಬಹಳ ದಿನ ಮನಸ್ಸಿನಲ್ಲೇ ಉಳಿದಿತ್ತು.

ಕಾದಂಬರಿಯಲ್ಲಿ ಲಾರೆನ್ಸ್ ಸಾಲಕ್ಕಾಗಿ ಪರಿಚಯದ ವ್ಯಾಪಾರಿಗಳ ಬಾಗಿಲು ಬಾಗಿಲು ತಟ್ಟುತ್ತಾನೆ. ಎಲ್ಲರೂ ಇಲ್ಲ ಎನ್ನುತ್ತಾರೆ. ಕೊನೆಗೆ ಸಮಾಧಾನಕ್ಕೆ ಬಂದ ಹೋಲೋಳ ಕೈಯನ್ನೇ ಕೊಡವಿಬಿಡುತ್ತಾನೆ. ಮರುಕ್ಷಣ ನಾಚಿಕೆಯಿಂದ ಕುಗ್ಗುತ್ತಾನೆ. ಆ ಪುಟ ಓದಿದ ರಾತ್ರಿ ನನಗೆ ಅಬ್ಬಾರ ಕೈ ನೆನಪಾಯಿತು.

ಮರುದಿನ ಅಂಗಡಿಯಲ್ಲಿ ಕೇಳಿದೆ, "ಅಬ್ಬಾ, ಆ ವರ್ಷದ ಉಧಾರ್ ಎಷ್ಟಿತ್ತು?" ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಗಲ್ಲಾ ಪೆಟ್ಟಿಗೆಯ ಕೆಳಗಿಂದ ಕೆಂಪು ಬಟ್ಟೆಯ ಪುಸ್ತಕ ತೆಗೆದುಕೊಟ್ಟರು. ಉರ್ದುವಿನಲ್ಲಿ ಬರೆದ ಸಾಲುಗಳು. ಪ್ರತಿ ತಿಂಗಳು ಒಂದು ಕಂತು, ಕೆಲವು ತಿಂಗಳು ಐನೂರು ರೂಪಾಯಿ ಮಾತ್ರ. ಒಂದು ಸಾಲಿನಲ್ಲಿ ಮೊತ್ತ ದೊಡ್ಡದಿತ್ತು. ಅದರ ಮುಂದೆ 'ಕಂಗನ್' ಎಂದಿತ್ತು. ಅಮ್ಮಿಯ ಬಳೆಗಳು. ಮೂರು ವರ್ಷದ ನಂತರದ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು, ನಾವು ಖಾತೆ ಮುಚ್ಚುವಾಗ ಎಳೆಯುವ ಹಾಗೆಯೇ. "ಮಾಲು ಹೋಗಲಿ ಬೇಟಾ, ಜಬಾನ್ ಹೋಗಬಾರದು" ಎಂದರು. ಮಾಲು ಎಂದರೆ ಸರಕು, ಜಬಾನ್ ಎಂದರೆ ಕೊಟ್ಟ ಮಾತು. ಈಗಲೂ ಅದೇ ಸಗಟು ವ್ಯಾಪಾರಿ ಅಬ್ಬಾರಿಗೆ ಫೋನಿನಲ್ಲಿ ಹೇಳಿದರೆ ಸಾಕು, ಮಾಲು ಕಳಿಸುತ್ತಾರೆ.

ಲೆಕ್ಕಶಾಸ್ತ್ರದಲ್ಲಿ ಅಂತಿಮ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು ಎಂಬ ನಿಯಮವಿದೆ. ಏಕೆ ಕಡಿಮೆಯದು ಎಂದು ನಾನು ಕೇಳಿರಲಿಲ್ಲ. ಲಾರೆನ್ಸ್‌ನ ಕವಚ, ನಮ್ಮ ಕೋಣೆಯ ಬಟ್ಟೆ, ಎರಡಕ್ಕೂ ಕೊಂಡ ಬೆಲೆ ಕಾಗದದ ಮೇಲೆ ಹಾಗೆಯೇ ಇತ್ತು. ಅದನ್ನೇ ಆಸ್ತಿ ಎಂದು ಬರೆದುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಉಳಿದ ಬಟ್ಟೆಯನ್ನು ಅಬ್ಬಾ ಸಂತೆಯಲ್ಲಿ ಅರ್ಧ ಬೆಲೆಗೆ ಮಾರಿದ್ದರು. ಆ ನಿಯಮ ಅವರಿಗೆ ಪುಸ್ತಕವಿಲ್ಲದೆ ಗೊತ್ತಿತ್ತು.

ಒಪ್ಪದ ಮಾತುಗಳು

ಇಷ್ಟು ಹೊಗಳಿದ ಮೇಲೆ ದೋಷಗಳನ್ನೂ ಹೇಳಬೇಕು. ಸಾಲದಿಂದ ಪಾರಾಗಲು ಲಾರೆನ್ಸ್ ಚಿನ್ನದ ಕಳ್ಳಸಾಗಣೆಗೆ ಇಳಿಯುತ್ತಾನೆ. ಕಥೆ ರೋಚಕವಾಗಲು ಅದು ಬೇಕಿರಬಹುದು. ತಿಂಗಳ ಕಂತು ಕಟ್ಟುವವನ ಕಥೆಯನ್ನು ಯಾರು ಓದುತ್ತಾರೆ? ಆದರೂ ನನಗೆ ಕೆಂಪು ಪುಸ್ತಕದ ದಾರಿಯೇ ದೊಡ್ಡದು ಅನ್ನಿಸಿತು. ಎರಡನೆಯದಾಗಿ, ಹೋಲೋಳ ಕೆಲವು ಚಿತ್ರಗಳನ್ನು ಮನೆಯಲ್ಲಿ ತೆರೆದಿಡಲು ಆಗುವುದಿಲ್ಲ. ಅಷ್ಟು ಬುದ್ಧಿವಂತ ಪಾತ್ರಕ್ಕೆ ಅವು ಬೇಕಿರಲಿಲ್ಲ. ಮೂರನೆಯದಾಗಿ, ಅನಿಮೆಯಲ್ಲಿ ಲೆಕ್ಕದ ಮಾತು ಬೇಗ ಓಡುತ್ತದೆ. ಪುಸ್ತಕದಲ್ಲಾದರೆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಬಹುದು. ಆದ್ದರಿಂದ ಅನಿಮೆ ನೋಡಿದವರು ಪುಸ್ತಕವನ್ನೂ ಓದಿ.

ಎಲ್ಲ ಲೈಟ್ ನಾವೆಲ್‌ಗಳೂ ಹೀಗಿಲ್ಲ. ಸೋತ ಹುಡುಗ ಸತ್ತು ಬೇರೆ ಲೋಕದಲ್ಲಿ ಹುಟ್ಟಿ, ಕಷ್ಟಪಡದೆ ವೀರನಾಗುವ ಕಥೆಗಳು ಎಷ್ಟೋ ಇವೆ. ಅವನ್ನೂ ಓದಿದ್ದೇನೆ, ಸಮಯ ಕಳೆಯಿತು, ಅಷ್ಟೇ. ಹಾಗಾಗಿ ಅನಿಮೆ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಯಾವ ಪುಸ್ತಕ, ಅದನ್ನು ಮುಚ್ಚಿದ ಮೇಲೆ ನೀವು ಏನು ಕೇಳಿದಿರಿ, ಯಾರನ್ನು ಕೇಳಿದಿರಿ ಎಂಬುದು ಪ್ರಶ್ನೆ.

ವಾಣಿಜ್ಯ ವಿಭಾಗದ ಗೆಳೆಯರಿಗೆ ಒಂದು ಚಿಕ್ಕ ಅಭ್ಯಾಸ. ಲಾರೆನ್ಸ್ 20,000ದ ಕವಚ ಕೊಂಡು ಅರ್ಧ ನಗದು ಕೊಟ್ಟ, ಅರ್ಧ ಉದ್ದರಿ ಇಟ್ಟ. ಇದರ ಜರ್ನಲ್ ನಮೂದು ಬರೆಯಿರಿ. ವರ್ಷದ ಕೊನೆಗೆ ಆ ಕವಚಗಳನ್ನು ಮಾರಿದರೆ 8,000 ಮಾತ್ರ ಬರುತ್ತದೆ ಎಂದುಕೊಂಡು ಅಂತಿಮ ದಾಸ್ತಾನು ತೋರಿಸಿ. ನಂತರ, ನಿಮ್ಮ ಮನೆಯಲ್ಲಿ ಅಂಗಡಿಯೋ ಗಾಡಿಯೋ ಹೊಲವೋ ಇದ್ದರೆ, ಅಬ್ಬಾರನ್ನು ಅಥವಾ ಅಮ್ಮಿಯನ್ನು ಅವರ ಅತ್ಯಂತ ಕಷ್ಟದ ವರ್ಷದ ಲೆಕ್ಕ ತೋರಿಸಲು ಕೇಳಿ. ಅದಕ್ಕೆ ಅಂಕಗಳಿಲ್ಲ. ಆದರೂ ಕೇಳಿ.