ಸ್ಪೇನಿಗೆ ಮಣಿಯದ ಜನ

1521ರಲ್ಲಿ ಕೊರ್ಟೆಸನು ಆಸ್ಟೆಕರ ರಾಜಧಾನಿಯನ್ನು ಗೆದ್ದನು. 1532ರಲ್ಲಿ ಪಿಜಾರೋ ಇಂಕಾ ದೊರೆಯನ್ನು ಸೆರೆಹಿಡಿದನು. ಮಹಾಸಾಮ್ರಾಜ್ಯಗಳು ಹೀಗೆ ಕುಸಿದುಬಿದ್ದ ಕಥೆಯನ್ನು ಇತಿಹಾಸದ ತರಗತಿಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದೇ ಸ್ಪೇನು ಮೆಕ್ಸಿಕೋದ ಉತ್ತರದ ಒಣನಾಡಿನಲ್ಲಿ ಎರಡು ಶತಮಾನಗಳಿಗೂ ಮಿಕ್ಕಿ ಹೆಣಗಿದರೂ ಅಪಾಚೆ ಮತ್ತು ನವಾಹೋ ಜನರನ್ನು ಪೂರ್ಣವಾಗಿ ಗೆಲ್ಲಲಾರದೆ ಹೋಯಿತು. ಇದಕ್ಕೆ ಕಾರಣವೇನು? ಅವರು ಕೊಳ್ಳೆಗಾರರಾಗಿದ್ದರು ಎಂಬ ಒಂದೇ ಮಾತಿನ ಉತ್ತರ ನನಗೆ ತೃಪ್ತಿ ಕೊಡಲಿಲ್ಲ. ಆ ಅತೃಪ್ತಿಯೇ ಈ ಲೇಖನಕ್ಕೆ ಮೂಲ.

ಇವರಿಬ್ಬರೂ ಅಥಬಾಸ್ಕನ್ ಭಾಷಾವರ್ಗಕ್ಕೆ ಸೇರಿದ ಬಂಧುಗಳು. ನವಾಹೋ ಜನ ತಮ್ಮನ್ನು ‘ದಿನೆ’, ಎಂದರೆ ‘ಜನ’, ಎಂದು ಕರೆದುಕೊಳ್ಳುತ್ತಾರೆ. ಇವರಿಗೆ ಸೆರೆಹಿಡಿಯಬಹುದಾದ ಏಕೈಕ ಅರಸನಿರಲಿಲ್ಲ. ಮುತ್ತಿ ಗೆಲ್ಲಬಹುದಾದ ರಾಜಧಾನಿಯಿರಲಿಲ್ಲ. ಒಂದೊಂದು ಗುಂಪಿಗೂ ಅದರದರ ಮುಖಂಡ. ಒಬ್ಬನು ಒಪ್ಪಿದ ಸಂಧಿ ಮತ್ತೊಬ್ಬನನ್ನು ಕಟ್ಟಿಹಾಕುತ್ತಿರಲಿಲ್ಲ. ಇದನ್ನರಿಯದ ಅಧಿಕಾರಿಗಳು ಎಲ್ಲರನ್ನೂ ಮಾತಿಗೆ ತಪ್ಪಿದವರೆಂದು ದೂರಿದರು.

1598ರಲ್ಲಿ ಓನ್ಯಾತೆ ಎಂಬ ನಾಯಕನು ರಿಯೋ ಗ್ರಾಂದೆ ನದಿಯ ದಂಡೆಯಲ್ಲಿ, ಪ್ಯೂಬ್ಲೋ ಜನರ ನಾಡಿನಲ್ಲಿ, ವಸಾಹತನ್ನು ಸ್ಥಾಪಿಸಿದನು. ಅವನೊಡನೆ ಕುದುರೆ, ಕುರಿಗಳೂ ಬಂದವು. ಕಾಲಕ್ರಮದಲ್ಲಿ ಅಪಾಚೆಗಳು ನಿಪುಣ ಸವಾರರಾದರು. ನವಾಹೋಗಳು ಕುರಿ ಸಾಕಿ ಉಣ್ಣೆ ನೇಯತೊಡಗಿದರು. ಗೆಲ್ಲಬಂದವರು ತಂದ ಪ್ರಾಣಿಗಳೇ ಎದುರಾಳಿಗಳ ಬಲವಾದುವು! 1680ರಲ್ಲಿ ಪ್ಯೂಬ್ಲೋ ಜನ ದಂಗೆಯೆದ್ದು ಸ್ಪೇನಿನವರನ್ನು ದಕ್ಷಿಣಕ್ಕೆ ಅಟ್ಟಿದರು. 1692ರಲ್ಲಿ ಸ್ಪೇನಿನವರು ಹಿಂದಿರುಗಿದ ಬಳಿಕ ಹಲವು ಪ್ಯೂಬ್ಲೋ ಕುಟುಂಬಗಳು ನವಾಹೋ ನಾಡಿನಲ್ಲಿ ಆಶ್ರಯ ಪಡೆದುವು.

ಅಪಾಚೆ, ನವಾಹೋಗಳು ದನಕುರಿಗಳನ್ನು ಕೊಳ್ಳೆಹೊಡೆದದ್ದು ನಿಜ. ಸೆರೆಯಾಳುಗಳನ್ನು ಒಯ್ದದ್ದೂ ನಿಜ. ಆದರೆ ಇಂಡಿಯನರನ್ನು ಗುಲಾಮರನ್ನಾಗಿ ಮಾಡಬಾರದೆಂದು 1542ರಲ್ಲೇ ಸ್ಪೇನಿನ ದೊರೆ ಶಾಸನ ಮಾಡಿದ್ದರೂ, ‘ಧರ್ಮಯುದ್ಧ’ದ ನೆಪದಲ್ಲಿ ವಸಾಹತುಗಾರರು ಅಪಾಚೆ, ನವಾಹೋ ಹೆಂಗಸರನ್ನೂ ಮಕ್ಕಳನ್ನೂ ಹಿಡಿದು ತಂದು ಮನೆಗೆಲಸಕ್ಕೆ ಹಚ್ಚಿದರು, ಕೆಲವರನ್ನು ದೂರದ ಪಾರಾಲ್ ಬೆಳ್ಳಿಗಣಿಯ ಊರಿಗೆ ಮಾರಿದರು. ಕುರಿ ಕದ್ದವನು ಕಳ್ಳನಾದರೆ, ಕೂಸನ್ನು ಕದ್ದವನಿಗೆ ಯಾವ ಹೆಸರು?

ಕತ್ತಿಯಿಂದಾಗದ್ದನ್ನು ಉಡುಗೊರೆಯಿಂದ ಸಾಧಿಸುವ ಯೋಚನೆ ಆಮೇಲೆ ಹುಟ್ಟಿತು. 1786ರಲ್ಲಿ ವೈಸರಾಯ್ ಗಾಲ್ವೆಸನು ಹೊರಡಿಸಿದ ಆಜ್ಞೆಯ ಸಾರವಿದು: ಎದುರಾದವರ ಮೇಲೆ ಬಿಡದೆ ಯುದ್ಧ ಮಾಡಬೇಕು, ಶಾಂತಿ ಬೇಡಿದವರಿಗೆ ಆಹಾರ, ಮದ್ಯ ಮತ್ತು ಬೇಗ ಕೆಡುವ ಬಂದೂಕುಗಳನ್ನು ಕೊಡಬೇಕು. ಬಂದೂಕು ಕೆಟ್ಟಾಗ ರಿಪೇರಿಗೆ ಸ್ಪೇನಿನವರ ಬಳಿಗೇ ಬರಬೇಕಷ್ಟೆ! ಅದೇ ಕಾಲದಲ್ಲಿ ರಾಜ್ಯಪಾಲ ಆನ್ಸಾ ನವಾಹೋಗಳನ್ನು ಹಿಲಾ ಅಪಾಚೆಗಳಿಂದ ಬೇರ್ಪಡಿಸಿದನು. ಅನೇಕ ಅಪಾಚೆಗಳು ಕೋಟೆಗಳ ಬಳಿ ಪಡಿ ಪಡೆದು ನೆಲೆಸಿದರು. ಗಡಿ ಬಹುಮಟ್ಟಿಗೆ ಶಾಂತವಾಯಿತು. ಆದರೆ ಅದು ಸ್ನೇಹದ ಶಾಂತಿಯಲ್ಲ, ಪರಾವಲಂಬನೆಯ ಶಾಂತಿ.

ನವಾಹೋಗಳೊಡನೆ ಮತ್ತೆ ಯುದ್ಧವಾಯಿತು. 1805ರ ಜನವರಿಯಲ್ಲಿ ನಾರ್ಬೋನಾ ಎಂಬ ಸೇನಾನಿ ಕಾನ್ಯನ್ ದ ಶೇ ಕಣಿವೆಯ ಗುಹೆಯೊಂದರಲ್ಲಿ ಅವಿತಿದ್ದವರ ಮೇಲೆ ಗುಂಡಿನ ಮಳೆಗರೆದನು. ಅವನ ವರದಿಯಂತೆ ಸತ್ತವರು 115 ಮಂದಿ. ಅವರಲ್ಲಿ 90 ಜನ ಯೋಧರು. ನವಾಹೋ ಜನರ ಬಾಯಿಮಾತಿನ ಪರಂಪರೆ ಹೇಳುವುದೇ ಬೇರೆ: ಗಂಡಸರು ಬೇಟೆಗೆ ಹೋಗಿದ್ದರು, ಗುಹೆಯಲ್ಲಿದ್ದವರು ಮುದುಕರು, ಹೆಂಗಸರು, ಮಕ್ಕಳು. ಆ ಸ್ಥಳಕ್ಕೆ ಇಂದಿಗೂ ‘ಹತ್ಯಾಕಾಂಡದ ಗುಹೆ’ ಎಂಬ ಅರ್ಥದ ಹೆಸರಿದೆ.

1821ರಲ್ಲಿ ಸ್ಪೇನಿನ ಆಳ್ವಿಕೆ ಮುಗಿಯಿತು. ಮುಂದೆ ಪಡಿ ಕಡಿಮೆಯಾದಂತೆ ಅಪಾಚೆಗಳೊಡನಿದ್ದ ಶಾಂತಿಯೂ ಮುರಿಯಿತು.

ಲೇಖನಿ ಹಿಡಿದವನ ವರದಿ ಕಡತದಲ್ಲಿ ಉಳಿಯುತ್ತದೆ. ನೊಂದವನ ಮಾತು ಮನೆಯ ಹಿರಿಯರ ಬಾಯಲ್ಲಿ ಉಳಿಯುತ್ತದೆ. ಎರಡನ್ನೂ ಕೇಳದೆ ಒಂದು ಜನವನ್ನು ಕೊಳ್ಳೆಗಾರರೆಂದು ತೀರ್ಪಿಡುವುದು ನ್ಯಾಯವಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಈ ಅಧ್ಯಯನದಿಂದ ಕಲಿತ ಪಾಠ ಇದೇ.