ನಿವೃತ್ತಿಗೆ ಮುಂಚೆ ಹೆಚ್ಚುವರಿ ಆರೋಗ್ಯ ವಿಮೆ: ಮಾಡಬೇಕಾದ್ದು, ಮಾಡಬಾರದ್ದು

ಮೇಲೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಐವತ್ತೈದು ದಾಟಿದ ಎಲ್ಲರಿಗೂ ಈ ಸೂಚನೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಕಾರ್ಖಾನೆಗಳಿಗೆ ಹೋಗುವವರು, ಸರ್ಕಾರಿ ನೌಕರಿಯಲ್ಲಿರುವವರು ಇಂಥ ದಿನ ನಿವೃತ್ತಿ ಎಂದು ಮೊದಲೇ ತಿಳಿದಿರುತ್ತಾರೆ. ಹಿಪ್ಪುನೇರಳೆ ತೋಟದವರಿಗೆ, ಶಿಡ್ಲಘಟ್ಟದ ರೀಲರುಗಳಿಗೆ ಅಂಥ ದಿನವಿಲ್ಲ. ಮೈ ಒಲ್ಲೆ ಅಂದಾಗಲೇ ನಿವೃತ್ತಿ. ಎಲ್ಲರಿಗೂ ಹೇಳುವುದು ಒಂದೇ. ಕೈಯಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ, ಕೊರತೆ ಎಷ್ಟಿದೆಯೋ ಅಷ್ಟಕ್ಕೆ ಪಾಲಿಸಿ ಕೊಳ್ಳಿ, ಮೈ ಗಟ್ಟಿ ಇರುವಾಗಲೇ ಕೊಳ್ಳಿ.

ಮಾಡಬೇಕಾದ್ದು

ರೇಷನ್ ಕಾರ್ಡ್ ತೆಗೆದು ನೋಡಿ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ ಶೇ 70 ನಿಮ್ಮ ಕೈಯಿಂದ. ಹೆಚ್ಚುವರಿ ವಿಮೆ ನಿಜವಾಗಿ ಬೇಕಾದ್ದು ಈ ಎಪಿಎಲ್ ಮನೆಗಳಿಗೇ. ನಮ್ಮಲ್ಲಿ ತೀರಾ ತಡವಾಗಿ ಯೋಚಿಸುವವರೂ ಅವರೇ.

ಡೇರಿಗೆ ಹಾಲು ಹಾಕುವವರು, ಸಹಕಾರ ಸಂಘದ ಸದಸ್ಯರು ಯಶಸ್ವಿನಿಯನ್ನು ಬಿಡಬೇಡಿ. 2003ರಿಂದ ನಡೆದು, ನಡುವೆ ನಿಂತು, 2022–23ರಲ್ಲಿ ಮತ್ತೆ ಶುರುವಾದ ಯೋಜನೆ ಅದು. ನೋಂದಣಿಗೆ ವರ್ಷಕ್ಕೊಮ್ಮೆ ಮಾತ್ರ ಅವಕಾಶ, ಕಡೇ ದಿನಾಂಕವನ್ನು ಸಂಘದ ಕಾರ್ಯದರ್ಶಿಯಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಕಾರ್ಖಾನೆಯಲ್ಲಿ ಇಎಸ್ಐ ಇದ್ದವರು ಇದನ್ನು ಮನಸ್ಸಿಟ್ಟು ಓದಿ. ಕನಿಷ್ಠ 5 ವರ್ಷ ಇಎಸ್ಐ ವಿಮೆಯಲ್ಲಿದ್ದು ವಯೋನಿವೃತ್ತಿ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಸಾವಿರಗಟ್ಟಲೆ ಪ್ರೀಮಿಯಂ ಕಟ್ಟುವ ಮುಂಚೆ ಈ ನೂರಿಪ್ಪತ್ತು ಕಟ್ಟಿ.

ಕಂಪನಿಯ ಗುಂಪು ವಿಮೆ ಇದ್ದರೆ ಅದು ಕೆಲಸದ ಜೊತೆಗೇ ಮುಗಿಯುತ್ತದೆ. ನಿವೃತ್ತಿಗೆ ಎರಡು ಮೂರು ತಿಂಗಳಿರುವಾಗಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಹಾಗೆ ಬದಲಾದರೆ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ. ಬಿಟ್ಟು ಹೊಸದು ಕೊಂಡರೆ ಮೊದಲಿಂದ ಕಾಯಬೇಕು: ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ, ಕಣ್ಣಿನ ಪೊರೆ, ಹರ್ನಿಯಾದಂಥವಕ್ಕೆ ಸಾಮಾನ್ಯವಾಗಿ 24 ತಿಂಗಳು. ಮಂಡಿ ನೋವು ಶುರುವಾದ ಮೇಲೆ ಪಾಲಿಸಿ ಹುಡುಕಿದರೆ ಮಂಡಿ ಚಿಪ್ಪಿನ ಆಪರೇಷನ್ನಿಗೆ ಅದು ಒದಗುವುದಿಲ್ಲ. ವಯಸ್ಸಾಯಿತು, ಯಾರು ಕೊಡುತ್ತಾರೆ ಎಂದು ಕೂರಬೇಡಿ. 65 ದಾಟಿದವರಿಗೆ ಬಾಗಿಲು ಮುಚ್ಚುವ ಪದ್ಧತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದುಹಾಕಿದೆ.

ಪ್ರಪೋಸಲ್ ಫಾರಂನಲ್ಲಿ ನಿಜ ಬರೆಯಿರಿ. ಬಿಪಿ, ಸಕ್ಕರೆ ಕಾಯಿಲೆ, ಹಳೇ ಆಪರೇಷನ್, ಎಲ್ಲವನ್ನೂ. ಗೂಡು ಬೇಯಿಸುವ ಹಬೆಯಲ್ಲಿ ವರ್ಷಗಟ್ಟಲೆ ಕೂತವರಿಗೆ ಉಬ್ಬಸ ಬರುವುದು ನಮ್ಮ ಕಡೆ ಹೊಸದಲ್ಲ, ಅದನ್ನೂ ಬರೆಯಿರಿ. "ಬರೀಬೇಡಿ ಅಣ್ಣ, ಪ್ರೀಮಿಯಂ ಜಾಸ್ತಿ ಆಗುತ್ತೆ" ಎನ್ನುವ ಏಜೆಂಟ್ ಕ್ಲೈಮ್ ತಿರಸ್ಕಾರವಾದ ದಿನ ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ. ಪಾಲಿಸಿ ಬಿಡದೆ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ಕಾಯಿಲೆ ಹೇಳಲಿಲ್ಲ ಎಂಬ ಕಾರಣಕ್ಕೆ ಕ್ಲೈಮ್ ನಿರಾಕರಿಸುವಂತಿಲ್ಲ. ಆ ಐದು ವರ್ಷದೊಳಗೇ ಆಸ್ಪತ್ರೆ ಸೇರಬೇಕಾದವರ ಗತಿ ಯೋಚಿಸಿ. ಫಾರಂ ನೀವೇ ಓದಿ ಸಹಿ ಹಾಕಿ. ಓದಲು ಬಾರದಿದ್ದರೆ ಮಗಳಿಂದಲೋ ಮೊಮ್ಮಗನಿಂದಲೋ ಓದಿಸಿ.

ಪಾಲಿಸಿ ಕೈಗೆ ಬಂದ ಮೇಲೂ ಓದಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಯಾರಾದರೂ ಸೇರಿಸಿ ಕೇಳಿದರೆ ಕೊಡಬೇಡಿ.

ಮಾಡಬಾರದ್ದು

ಟಾಪ್ ಅಪ್ ಎಂದ ತಕ್ಷಣ ಅಗ್ಗವೆಂದು ಕೊಳ್ಳಬಾರದು. 5 ಲಕ್ಷದ ಮೇಲಿನ ಟಾಪ್ ಅಪ್ ಎಂದರೆ ಮೊದಲ 5 ಲಕ್ಷ ನಿಮ್ಮದೇ. ಒಂದೇ ವರ್ಷದಲ್ಲಿ 3 ಲಕ್ಷದ್ದೊಂದು, 4 ಲಕ್ಷದ್ದೊಂದು ಬಿಲ್ ಬಂತು ಅನ್ನಿ. ಬರೀ ಟಾಪ್ ಅಪ್ ಬಿಲ್ಲುಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ, ಎರಡೂ 5 ಲಕ್ಷ ದಾಟದ ಕಾರಣ ಒಂದು ಪೈಸೆ ಕೊಡುವುದಿಲ್ಲ. ಸೂಪರ್ ಟಾಪ್ ಅಪ್ ಎರಡನ್ನೂ ಕೂಡಿ 2 ಲಕ್ಷ ಕೊಡುತ್ತದೆ. ಕೊಳ್ಳುವುದಾದರೆ ಎರಡನೆಯದು, ಕೆಳಗೊಂದು ಮೂಲ ಪಾಲಿಸಿ ಇದ್ದರೆ ಮಾತ್ರ. ಸರ್ಕಾರಿ ಯೋಜನೆಯನ್ನೇ ಮೂಲವೆಂದು ನಂಬಿ ಮೇಲೆ ಟಾಪ್ ಅಪ್ ಹಾಕಬಾರದು. ಅಲ್ಲಿಯದು ಪ್ಯಾಕೇಜ್ ದರದ ಲೆಕ್ಕ, ಖಾಸಗಿ ವಾರ್ಡಿನ ಬಿಲ್ಲಿಗೆ ಅದು ಜೋಡಿಯಾಗುವುದಿಲ್ಲ.

ರೂಮ್ ಬಾಡಿಗೆಯ ಮಿತಿ ನೋಡದೆ ಪಾಲಿಸಿ ಕೊಳ್ಳಬಾರದು, ಮಿತಿ ಮೀರಿದ ರೂಮೂ ಹಿಡಿಯಬಾರದು. ದಿನಕ್ಕೆ 5,000 ಮಿತಿ ಇದ್ದು 10,000ದ ರೂಮಿಗೆ ಹೋದರೆ ನಷ್ಟ ಬಾಡಿಗೆಯಲ್ಲಿ ಮಾತ್ರ ಅಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚುಗಳಲ್ಲೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧ, ಕಡಿತವಾಗಬಹುದು. ಆಸ್ಪತ್ರೆ ಸೇರಿಸುವ ಗಾಬರಿಯಲ್ಲಿ ಮಕ್ಕಳು ಒಳ್ಳೇ ರೂಮ್ ಇರಲಿ ಅನ್ನುತ್ತಾರೆ. ಅವರಿಗೆ ಇದನ್ನು ಇವತ್ತೇ ಹೇಳಿಡಿ.

ಆಸ್ಪತ್ರೆಯಲ್ಲಿದ್ದಷ್ಟು ದಿನ ದಿನಕ್ಕಿಷ್ಟು ಕೊಡುವ ಪಾಲಿಸಿಯನ್ನೇ ಪೂರ್ತಿ ವಿಮೆ ಎಂದುಕೊಳ್ಳಬಾರದು.

70 ತುಂಬಿದವರಿಗೆ ಆದಾಯ ನೋಡದೆ 5 ಲಕ್ಷ ಎಂದು ಕೇಂದ್ರ 2024ರ ಅಕ್ಟೋಬರ್‌ನಲ್ಲಿ ವಯ ವಂದನಾ ಕಾರ್ಡ್ ಘೋಷಿಸಿತು. ನೀವು ಹೋಗುವ ಆಸ್ಪತ್ರೆ, ಚಿಕ್ಕಬಳ್ಳಾಪುರದ್ದಾಗಲಿ ಕೋಲಾರದ್ದಾಗಲಿ ಬೆಂಗಳೂರಿನದ್ದಾಗಲಿ, ಅದನ್ನು ಒಪ್ಪುತ್ತೇವೆ ಎಂದು ಹೇಳುವವರೆಗೆ ಇರುವ ಪಾಲಿಸಿ ನಿಲ್ಲಿಸಬಾರದು.

ಒಂದು ವರ್ಷ ರೇಷ್ಮೆ ಗೂಡಿಗೆ ಬೆಲೆ ಬರಲಿಲ್ಲ ಎಂದು ಕಂತು ತಪ್ಪಿಸಬಾರದು. ನವೀಕರಣ ತಪ್ಪಿ ಪಾಲಿಸಿ ರದ್ದಾದರೆ ಕಾದ ವರ್ಷಗಳೆಲ್ಲ ಹೋಗುತ್ತವೆ. ಬೆಲೆ ಬಂದಾಗಲೇ ಆ ಹಣ ಬೇರೆ ಎತ್ತಿಡಿ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಲು ಕಂಪನಿ ಪ್ರಾಧಿಕಾರವನ್ನು ಕೇಳಲೇಬೇಕು ಎಂಬ ನಿಯಮ 2025ರ ಜನವರಿಯಿಂದ ಇದೆ. ವಿಪರೀತ ಏರಿದ್ದರೆ ಕಾರಣ ಕೇಳಿ.

ಕ್ಲೈಮ್ ತಿರಸ್ಕಾರವಾಯಿತು ಎಂದು ಸುಮ್ಮನಾಗಬಾರದು. ಮೊದಲು ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಡ, ಆದರೆ ಒಂದು ವರ್ಷದೊಳಗೆ ಹೋಗಬೇಕು. ಪ್ರಾಧಿಕಾರದ ಸಹಾಯವಾಣಿ 155255. ಪಾಲಿಸಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ತಿರಸ್ಕಾರದ ಪತ್ರ, ಎಲ್ಲದರ ನಕಲು ಜೊತೆಗಿರಲಿ.